ಹಿಂಗುವರ್ಜಿತ ವೈಷ್ಣವರ ಏಳುಬೀಳು

ಬಳ್ಳಾರಿ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಹಿಂಗುವರ್ಜಿತ ವೈಷ್ಣವರು ಎಂಬ ಜಾತಿಯೊಂದಿತ್ತು. ಸರ್ಕಾರದವರು ಖಾನೇಷುಮಾರಿ ಎಂದು ಮನೆಮನೆಗೆ ಬಂದು ತಲೆ ಎಣಿಸಿದರಲ್ಲ, ಅದರ ಮರುವರ್ಷದ ಮಾತು. ಆ ಎಣಿಕೆಯಲ್ಲಿ ಈ ಜಾತಿಯ ಹೆಸರು ಸಿಗುವುದಿಲ್ಲ. ಎಣಿಸುವವರು ಬಂದಾಗ ಅದು ಇನ್ನೂ ಹುಟ್ಟಿರಲಿಲ್ಲ.

ಅದರ ಮೂಲಪುರುಷರು ಅರ್ಜಿ ವೆಂಕೋಬರಾಯರು. ಕೋರ್ಟಿನ ಮುಂದಿನ ಬೇವಿನ ಮರದಡಿ ಕೂತು ಊರವರಿಗೆ ಅರ್ಜಿ ಬರೆದುಕೊಡುವುದು ಅವರ ಕಸುಬು. ಎಮ್ಮೆ ಕಳೆದುಕೊಂಡವನು ಬಂದರೆ, ಅರ್ಜಿಯ ಮೊದಲೆರಡು ಪುಟ ದೊರೆಗಳ ನ್ಯಾಯನಿಷ್ಠೆಯ ಹೊಗಳಿಕೆಗೇ ಹೋಗಿ ಎಮ್ಮೆ ಮೂರನೆಯ ಪುಟದಲ್ಲಿ ಕಾಣಿಸಿಕೊಳ್ಳುತ್ತಿತ್ತು. ಅಷ್ಟರಲ್ಲಿ ಎಮ್ಮೆಯೇ ಮನೆಗೆ ಬಂದಿರುತ್ತಿತ್ತು. ರಾಯರಿಗೆ ಇದ್ದ ಎರಡನೆಯ ಕಸುಬೆಂದರೆ ಊಟ. ಜಿಲ್ಲೆಯಲ್ಲಿ ಎಲ್ಲಿ ಹೋಳಿಗೆಗೆ ಹೂರಣ ರುಬ್ಬಿದರೂ ಮರುದಿನ ಆ ಮನೆಯ ಪಂಕ್ತಿಯಲ್ಲಿ ರಾಯರು ಇರುತ್ತಿದ್ದರು. ಕರೆಯದಿದ್ದರೆ ಅದು ಮನೆಯವರ ಮರೆವು, ತಮ್ಮ ತಪ್ಪಲ್ಲ ಎಂದು ಕ್ಷಮಿಸಿಯೇ ಕೂಡುತ್ತಿದ್ದರು.

ರಾಯರ ಮನೆಯಲ್ಲಿ ಮಾತ್ರ ಒಂದು ಪದ್ಧತಿ ಇತ್ತು. ಅಜ್ಜಿಯ ಕಾಲದಿಂದ ಆ ಮನೆಯ ಅಡಿಗೆಗೆ ಇಂಗು ಬೀಳುತ್ತಿರಲಿಲ್ಲ. ಯಾಕೆಂದು ರಾಯರು ಕೇಳಿರಲಿಲ್ಲ. ಊರವರ ಪಂಕ್ತಿಯಲ್ಲಿ ಇಂಗು ಘಮಘಮಿಸುವ ಹುಳಿಯನ್ನು ರಾಯರು ಮೂರು ಸಲ ಹಾಕಿಸಿಕೊಳ್ಳುತ್ತಿದ್ದರು. ಇದೇನೆಂದು ಕೇಳಿದರೆ, "ಪರಾನ್ನದಾಗ ದೋಷ ಇಲ್ಲ, ದೋಷ ಎಲ್ಲಾ ಬಡಿಸಿದವರಿಗೆ" ಎನ್ನುತ್ತಿದ್ದರು.

ಇಂಥ ರಾಯರಿಗೆ ಪ್ರಾಣೇಶ ಎಂಬ ಒಬ್ಬನೇ ಮಗ. ಮೆಟ್ರಿಕ್ ಮುಗಿಸಿದ್ದ. ಮುಂದೆ ಓದುವ ಆಸೆ ಅವನಿಗೆ. ಓದಿಸುವ ಆಸೆ ತಾಯಿ ಸೀತಾಬಾಯಿಗೆ. ದುಡ್ಡು ಯಾರ ಹತ್ತಿರವೂ ಇರಲಿಲ್ಲ. ಎದುರು ಮನೆಯ ಎರ್ರಣ್ಣನಿಗೆ ಬ್ರೂಸ್‌ಪೇಟೆಯಲ್ಲಿ ಬೆಲ್ಲದ ಮಂಡಿ. ಅವನು ಆಗಲೇ ಹೇಳಿಟ್ಟಿದ್ದ.

"ರಾಯರ, ಹುಡುಗನ ಅಕ್ಷರ ಮುತ್ತಿನಂಗ ಅದಾವು. ಕಾಲೇಜು ಆಗಲಿಲ್ಲಂದ್ರ ನನ್ನ ಮಂಡ್ಯಾಗ ಕುಂದರ್ಲಿ. ಬೆಲ್ಲದ ಪೆಂಟಿ ಎಣಿಸಾಕ ಹುಷಾರಿ ಹುಡುಗ ಬೇಕಾಗ್ಯಾನ. ಆಷಾಢದಾಗ ಕಳಿಸ್ರಿ."

ಆಷಾಢದಲ್ಲಿ ಒಂದೋ ಕಾಲೇಜು, ಇಲ್ಲವೆ ಬೆಲ್ಲ. ಹುಡುಗನ ಬಾಳು ಅಲ್ಲಿಗೆ ಬಂದು ನಿಂತಿತ್ತು.

ಆಗ ಕೋಟೆಯ ಕೆಳಗೆ ಹೊಸದೊಂದು ಕಾಲೇಜು ತೆರೆಯಿತು. ಹತ್ತಿ ಗಿರಣಿಯ ದೊರೆಯೊಬ್ಬರು ಮಕ್ಕಳಿಲ್ಲದೆ ತೀರಿಕೊಂಡು, ತಮ್ಮ ಆಸ್ತಿಯಲ್ಲಿ ವರ್ಷಕ್ಕೆ ಇಬ್ಬರು ಬಡ ಹುಡುಗರು ಓದಲಿ ಎಂದು ಬರೆದಿಟ್ಟಿದ್ದರು. ಪ್ರವೇಶ ಪರೀಕ್ಷೆಯಲ್ಲಿ ಮೊದಲು ಬಂದವನಿಗೆ ಫೀಜು, ಪುಸ್ತಕ, ಊಟ ಎಲ್ಲವೂ ಪುಕ್ಕಟೆ. ಜಿಲ್ಲೆಯಲ್ಲಿ ಮಂದಿ ಕಡಿಮೆ ಇರುವ, ಕಾಲೇಜಿನ ಮುಖ ಕಾಣದ ಸಣ್ಣ ಜಾತಿಯ ಹುಡುಗನೊಬ್ಬನಿಗೆ ಅರ್ಧ ಫೀಜು. ಪರೀಕ್ಷೆಗೆ ಎಲ್ಲರೂ ಕೂಡಬೇಕು. ಆದರೆ ಒಬ್ಬ ಹುಡುಗ ಎರಡಕ್ಕೂ ಕೈ ಚಾಚುವಂತಿಲ್ಲ; ಅರ್ಧ ಫೀಜಿಗೆ ಅರ್ಜಿ ಹಾಕಿದರೆ ಇನ್ನೊಂದನ್ನು ಬಿಟ್ಟಂತೆ.

"ಅಪ್ಪಾ, ನಾ ಪರೀಕ್ಷಾದಾಗ ಮೊದಲ್ನೇದು ಬರ್ತೀನಿ," ಎಂದ ಪ್ರಾಣೇಶ.

"ಪರೀಕ್ಷಾ ಅಂದ್ರ ಜೂಜು," ಎಂದರು ರಾಯರು. "ನಿನಗಿಂತ ಶಾಣ್ಯಾ ಒಬ್ಬ ಬಂದನೋ, ಹೋತು. ಆದ್ರ ಜಾತಿ ಜೂಜಲ್ಲ. ಸಣ್ಣ ಜಾತಿ ಅಂತ ಒಮ್ಮೆ ರುಜುವಾತಾದ್ರ ಮುಗೀತು, ಅದನ್ನ ಯಾರೂ ಕಸಗೊಳ್ಳಲಿಕ್ಕಾಗೂದಿಲ್ಲ."

ಅಡಿಗೆಮನೆಯಿಂದ ಸೀತಾಬಾಯಿ ಕೇಳಿದರು: "ನಾವು ಯಾವಾಗ ಸಣ್ಣ ಜಾತಿ ಆದ್ವಿ? ಕೋರ್ಟು ಕಚೇರಿ ತುಂಬ ನಮ್ಮವರೇ ಇದ್ದಾರಲ್ಲ!"

"ಅವರೆಲ್ಲಾ ಇಂಗು ಉಣ್ಣೋ ಮಂದಿ," ಎಂದರು ರಾಯರು. ಆ ಗಳಿಗೆಯಲ್ಲಿ ಒಂದು ಜಾತಿ ಹುಟ್ಟಿತು.

ಅರ್ಜಿ ಬರೆಯಲು ಒಂದು ಹಗಲು ಹಿಡಿಯಿತು. ಮೊದಲೆರಡು ಪುಟ ತೀರಿಹೋದ ಹತ್ತಿ ದೊರೆಯ ಔದಾರ್ಯ. ಮೂರನೆಯದರಲ್ಲಿ ಜಾತಿ. 'ಇಂಗಿಲ್ಲದವರು' ಎಂದರೆ ಬಡತನದ ವಾಸನೆ ಬರುತ್ತದೆಂದು ಸಂಸ್ಕೃತದಲ್ಲಿ ಹಿಂಗುವರ್ಜಿತರು ಎಂದು ಬರೆದರು. ಕೊನೆಗೆ ಒಂದು ಗತ್ತು ಇರಲೆಂದು ಈ ಮಾತನ್ನೂ ಸೇರಿಸಿದರು: 'ಇಂಗು ಉಂಡ ಬಾಯಿ ನಮ್ಮ ಜಾತಿಗೆ ಹೊರಗು, ಇಂಗು ಮುಟ್ಟಿದ ಕೈಯ ಅನ್ನ ನಮಗೆ ವರ್ಜ್ಯ.' ಬರೆದು ಓದಿಕೊಂಡಾಗ ರಾಯರ ಕಣ್ಣಲ್ಲಿ ನೀರು ಬಂತಂತೆ.

ಕಾಲೇಜಿನ ವಿಚಾರಣೆಯ ಅಧಿಕಾರಿ ಸಾಂಬಶಿವ ಮೊದಲಿಯಾರರು. ಮದರಾಸಿನಿಂದ ಬಂದವರು, ಪುಸ್ತಕದಿಂದ ಕನ್ನಡ ಕಲಿತು ಪುಸ್ತಕದ ಹಾಗೆಯೇ ಮಾತಾಡುತ್ತಿದ್ದರು. ಅರ್ಜಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ರಾಯರೇ, ಈ ಕಾಲೇಜಿನ ಕಚೇರಿಯಲ್ಲಿ ನನ್ನನ್ನು ಬಿಟ್ಟರೆ ಎಲ್ಲರೂ ನಿಮ್ಮವರೇ. ಜಿಲ್ಲಾ ಕಚೇರಿಯಲ್ಲಿ ನಾನೂ ಇಲ್ಲ, ಯಾರನ್ನೂ ಬಿಡಬೇಕಾಗಿಲ್ಲ. ನೀವು ಕಡಿಮೆ ಆದದ್ದು ಎಂದಿನಿಂದ?"

"ಅವರು ನಮ್ಮವರಲ್ಲ ಸ್ವಾಮಿ. ಮೂಸಿ ನೋಡ್ರಿ, ಗೊತ್ತಾಗ್ತದ."

"ನಿಮ್ಮ ಜಾತಿಯಲ್ಲಿ ಕಾಲೇಜು ಓದಿದವರು ಎಷ್ಟು ಮಂದಿ?"

"ಒಬ್ಬರೂ ಇಲ್ಲ!" ಎಂದರು ರಾಯರು. ಅದು ಸುಳ್ಳಲ್ಲ. ಜಾತಿಗೆ ಇನ್ನೂ ಎಂಟು ದಿನವೂ ತುಂಬಿರಲಿಲ್ಲ.

ಕಾಲೇಜಿನ ಜಗಲಿಯ ತುದಿಯಲ್ಲಿ ದಸ್ತಗಿರಿ ಕೂತಿದ್ದ. ಬ್ರೂಸ್‌ಪೇಟೆಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರ. ಅವನ ಮಗನೂ ಮೆಟ್ರಿಕ್ ಮುಗಿಸಿದ್ದ. ಅರ್ಧ ಫೀಜಿಗೆ ಅವನದೂ ಅರ್ಜಿ ಇತ್ತು. ರಾಯರನ್ನು ಕಂಡು ಎದ್ದು ನಿಂತ.

"ಏನ್ ರಾಯರ, ನೀವೂ ಇದ ಸಾಲಿನ್ಯಾಗ?"

"ಹೂಂ. ನಾವೂ ಕಡಿಮಿ ಮಂದಿ. ಎಷ್ಟು ಮಂದಿ ಕರದ್ರೂ ಇನ್ನ ಯಾರ ಮನಿ ಪಂಕ್ತಿಗೂ ಕೂಡೂ ಹಂಗಿಲ್ಲ."

"ನಮಗ ಆ ತ್ರಾಸು ಇಲ್ಲ ನೋಡ್ರಿ," ಎಂದ ದಸ್ತಗಿರಿ. "ಯಾರೂ ಕರದಽ ಇಲ್ಲ."

ಮೊದಲಿಯಾರರು ಕೆಮ್ಮಿದರು. ನಿಯಮದ ಪುಸ್ತಕ ತೆರೆದು ಓದಿ ಹೇಳಿದರು: "ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡುವವರು ಒಂದು ಜಾತಿ. ನಿಮ್ಮ ನಂಟರು ನಿಮ್ಮೊಡನೆ ಊಟ ಮಾಡುವುದಿಲ್ಲವೆಂದು ಸಾಕ್ಷಿ ಹೇಳಲಿ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ನಾನೇ ನಿಮ್ಮ ಮನೆಗೆ ಬಂದು ಪಂಕ್ತಿಯನ್ನು ನೋಡುತ್ತೇನೆ. ಸುಳ್ಳೆಂದು ಕಂಡುಬಂದರೆ ಹುಡುಗನಿಗೆ ಎರಡೂ ಇಲ್ಲ, ಕಾಲೇಜೂ ಇಲ್ಲ."

ಹೀಗೆ, ಊಟಕ್ಕಾಗಿಯೇ ಹುಟ್ಟಿದ ಮನುಷ್ಯ ಊಟ ಬಿಡಲು ಗಾಡಿ ಕಟ್ಟಿಸಿಕೊಂಡು ಹೊರಟರು.

ಮೊದಲು ಸಿರುಗುಪ್ಪೆ. ಅಲ್ಲಿ ತಂಗಿ ವಿಜಯಾಬಾಯಿಯ ಮನೆ. ಆಕೆಯ ಮಗಳ ಮದುವೆ. ತೆಕ್ಕಲಕೋಟೆ ದಾಟುವವರೆಗೂ ರಾಯರ ಮನಸ್ಸು ಗಟ್ಟಿಯಿತ್ತು. ಸಿರುಗುಪ್ಪೆಯ ಹೊಳೆಯ ಗಾಳಿಯೊಂದಿಗೆ ಹೊಸ ಅಕ್ಕಿಯ ಅನ್ನದ ಪರಿಮಳ, ಅದರ ಹಿಂದೆ ತುಪ್ಪದಲ್ಲಿ ಸಿಡಿದ ಇಂಗಿನ ಪರಿಮಳ ಬಂದಾಗ ಗಾಡಿಯಲ್ಲಿ ಕಣ್ಣು ಮುಚ್ಚಿ ಕೂತರು. ಎತ್ತಿಗೆ ಹೊಡೆದ ಹಾಗೆ ತಮ್ಮ ತೊಡೆಗೆ ತಾವೇ ಹೊಡೆದುಕೊಂಡರು ಎಂದು ಗಾಡಿಯವನು ಆಮೇಲೆ ಊರಿಗೆಲ್ಲ ಹೇಳಿದ.

ಎಲೆ ಹಾಕಿ ಆಗಿತ್ತು. ಬೀಗರು ಕೂತಿದ್ದರು. ಹೆಣ್ಣಿನ ಸೋದರಮಾವನ ಎಲೆ ನಡುವೆ, ಬೆಳ್ಳಿಯ ಲೋಟದೊಂದಿಗೆ ಕಾಯುತ್ತಿತ್ತು. ರಾಯರು ಹೊಸ್ತಿಲಲ್ಲೇ ನಿಂತು ಕೈ ಮುಗಿದರು.

"ನಾನು ಕೂಡೂದಿಲ್ಲ. ನಮ್ಮ ಜಾತಿ ಬ್ಯಾರೆ."

ವಿಜಯಾಬಾಯಿಯ ಕೈಯಲ್ಲಿದ್ದ ತುಪ್ಪದ ಗಿಂಡಿ ಹಾಗೇ ನಿಂತಿತು. "ಏನಂದಿ ಅಣ್ಣಾ?"

"ನೀವು ಇಂಗು ಉಣ್ಣೋರು. ನಾವು ಹಿಂಗುವರ್ಜಿತರು."

"ನಿನ್ನ ಹಡದಾಕೀನ ನನ್ನೂ ಹಡದಾಳ! ನಾ ಎಲ್ಲಿಂದ ಬಂದೆ ಹಂಗಾರ?"

"ಹುಟ್ಟಿದಾಗ ನೀನೂ ನಮ್ಮಾಕಿನ ಇದ್ದಿ. ಮದುವಿಯಾಗಿ ಕೆಟ್ಟಿ."

ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಟ್ಟಿದ ತುತ್ತನ್ನು ಬಾಯಿಗೊಯ್ಯಬೇಕೋ ಬೇಡವೋ ತಿಳಿಯದೆ ಇಬ್ಬರು ಪುರೋಹಿತರು ಕೈ ಮೇಲೆತ್ತಿಯೇ ಕೂತರು. ಗಂಡಿನ ತಂದೆ ಸಾವಕಾಶ ಕೇಳಿದರು: "ಸೋದರಮಾವನ ಕುಲ ಬ್ಯಾರೆ ಅಂತ ಮೊದಲ ಹೇಳಬೇಕಾಗಿತ್ತಲ್ಲರಿ? ಇವರದು ಯಾವುದು, ಹುಡುಗಿದು ಯಾವುದು?" ಆ ಪ್ರಶ್ನೆ ಚಪ್ಪರದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ಹೋಗುತ್ತ ಹೋಗುತ್ತ ಮದುವೆಯೇ ಮುರಿಯುವ ಗಾತ್ರಕ್ಕೆ ಬೆಳೆಯಿತು.

ವಿಜಯಾಬಾಯಿ ಗಿಂಡಿ ಕೆಳಗಿಟ್ಟರು. ನಡುಪಂಕ್ತಿಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಜಾತಿಯಲ್ಲ, ಕುಲವಲ್ಲ, ಎಂಥದ್ದೂ ಅಲ್ಲ. ನಮ್ಮಜ್ಜಿಗೆ ಒಬ್ಬ ಇಂಗಿನವ ಇಂಗು ಅಂತ ಹೇಳಿ ಬರೇ ಜಾಲಿ ಅಂಟು ಮಾರಿ ಹೋದ. ಆ ಸಿಟ್ಟಿಗೆ ಮುದುಕಿ ಇನ್ನ ಮನಿಯೊಳಗ ಇಂಗು ತರಬಾರದು ಅಂದ್ಲು. ಇಷ್ಟ ಕಥಿ. ಊಟ ಮಾಡ್ರಿ, ಅನ್ನ ಆರ್ತದ!" ಆಮೇಲೆ ಅಣ್ಣನ ಕಡೆ ತಿರುಗಿದರು. "ನಿನಗ ಸಾಕ್ಷಿ ಬೇಕಲ್ಲ? ಕೊಡ್ತೀನಿ. ಇವತ್ತಿನಿಂದ ನನ್ನ ಮನಿಯವರು ನಿನ್ನ ಪಂಕ್ತಿಗೆ ಕೂಡೂದಿಲ್ಲ. ಬಳ್ಳಾರಿಗೆ ಬಂದು ಹೇಳು ಅಂದ್ರ ಬಂದು ಹೇಳ್ತಾರ ನಮ್ಮವರು."

ರಾಯರು ಖಾಲಿ ಹೊಟ್ಟೆಯಲ್ಲಿ ಗಾಡಿ ಏರಿದರು. ಗಾಡಿಯವನು ಮಾತ್ರ ಹೊಟ್ಟೆ ತುಂಬ ಉಂಡು ಬಂದು, ದಾರಿಯುದ್ದಕ್ಕೂ ಅವರ ಮುಂದೆ ಕೂತು ತೇಗಿದ.

ಬರುವ ದಾರಿಯಲ್ಲೇ ಕುರುಗೋಡು. ಅಲ್ಲಿ ಹೆಂಡತಿಯ ಅಣ್ಣ ರಾಘವೇಂದ್ರಾಚಾರ್ಯರ ಮನೆ. ಇಲ್ಲಿಯೂ ಜಗಳವಾದೀತೆಂದು ರಾಯರು ಮಾತು ಜೋಡಿಸಿಕೊಂಡು ಹೋದರು. ಆಚಾರ್ಯರು ಪೂರ್ತಿ ಕೇಳಿದರು. ಮುಖ ಅರಳಿತು.

"ಅಂದ್ರ ಭಾವನವರ, ನೀವು ಇನ್ನ ಮುಂದ ನಮ್ಮನಿಗೆ ಊಟಕ್ಕ ಬರೂದಿಲ್ಲ?"

"ಇಲ್ಲ."

"ಶ್ರಾದ್ಧಕ್ಕ?"

"ಇಲ್ಲ."

"ಯುಗಾದಿ, ದೀಪಾವಳಿ, ಸುಮ್ಮನ ಹಾದು ಹೋಗೂ ಮುಂದ?"

"ಇಲ್ಲ ಅಂದೆನಲ್ಲ!"

ಆಚಾರ್ಯರು ಒಳಗೆ ಕೂಗಿದರು: "ಏ, ಕೇಳಿದೇನ? ಭಾವನವರು ಜಾತಿ ಬಿಟ್ಟರಂತ!" ಒಳಗೆ ಅವರ ಹೆಂಡತಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಗಂಟೆ ಬಾರಿಸಿದ ಸಪ್ಪಳ ಕೇಳಿಸಿತು. ಆಚಾರ್ಯರು ಸಾಕ್ಷಿ ಹೇಳಲು ಯಾವ ದಿನ ಬರಲಿ, ಮೊದಲೇ ಬಂದು ಇರಲೋ ಎಂದು ಎರಡೆರಡು ಸಲ ಕೇಳಿ, ಗಾಡಿಯವರೆಗೂ ಬಂದು ಕಳಿಸಿಕೊಟ್ಟರು. ಮದುವೆಯಾದಂದಿನಿಂದ ಅಳಿಯತನಕ್ಕೆ ಇಷ್ಟು ಮರ್ಯಾದೆ ರಾಯರಿಗೆ ಸಿಕ್ಕಿದ್ದು ಅದೇ ಮೊದಲು.

ಜ್ಯೇಷ್ಠ ಮುಗಿಯುವಾಗ ಫಲಿತಾಂಶ ಬಂತು. ಪ್ರಾಣೇಶ ಮೊದಲನೆಯವನಾಗಿದ್ದ. ಎರಡನೆಯವನು ಬಹಳ ಹಿಂದೆ ಇದ್ದ.

ಓಣಿಗೆ ಓಣಿಯೇ ಸಕ್ಕರೆ ಹಂಚಿತು. ಎರ್ರಣ್ಣ ಬೆಲ್ಲವನ್ನೇ ತಂದುಕೊಟ್ಟ. "ಪೂರಾ ಪುಕ್ಕಟೆ ಅಲ್ಲೇನ್ರಿ? ಊಟಾನೂ ಅವರದ! ನನ್ನ ಮಂಡಿಗೆ ಬ್ಯಾರೆ ಹುಡುಗನ್ನ ನೋಡ್ಕೋಬೇಕಾತು."

ರಾಯರು ಸಕ್ಕರೆ ಬಾಯಿಗೆ ಹಾಕಿಕೊಳ್ಳದೆ ಕಾಲೇಜಿಗೆ ಓಡಿದರು.

"ಸ್ವಾಮಿ, ಆ ಅರ್ಜಿ ವಾಪಸ್ ಕೊಡ್ರಿ. ನಾವು ಭಾಳ ಮಂದಿ ಇದ್ದೀವಿ."

ಮೊದಲಿಯಾರರು ತಲೆ ಎತ್ತಲಿಲ್ಲ. "ಕಳೆದ ತಿಂಗಳು ಕಡಿಮೆ ಇದ್ದಿರಿ."

"ಹೆಚ್ಚಾದ್ವಿ."

"ಒಂದು ತಿಂಗಳಲ್ಲಿ?" ಮೊದಲಿಯಾರರು ಈಗ ತಲೆ ಎತ್ತಿದರು. "ರಾಯರೇ, ನೀವು ಕಡಿಮೆ ಇರುವುದು ನಿಜವಾದರೆ ಹುಡುಗನಿಗೆ ಅರ್ಧ ಫೀಜು ಮಾತ್ರ, ಮೊದಲ ಸ್ಥಾನದ ವಿದ್ಯಾರ್ಥಿವೇತನ ಎರಡನೆಯವನಿಗೆ ಹೋಗುತ್ತದೆ. ಸುಳ್ಳಾದರೆ ಹುಡುಗನಿಗೆ ಕಾಲೇಜೇ ಇಲ್ಲ. ಯಾವುದೆಂದು ಗುರುವಾರ ನಿಮ್ಮ ಮನೆಯ ಪಂಕ್ತಿ ಹೇಳಲಿ."

ಪುಸ್ತಕವಿಲ್ಲದೆ, ಊಟವಿಲ್ಲದೆ, ಉಳಿದರ್ಧ ಫೀಜಿಗೆ ದಾರಿಯಿಲ್ಲದೆ ಅರ್ಧ ಫೀಜನ್ನು ಇಟ್ಟುಕೊಂಡು ಏನು ಮಾಡುವುದು? ಮೊದಲು ಇದನ್ನು ಕೇಳಿದ್ದರೆ ರಾಯರು 'ಹೆಂಗೋ ಆಗ್ತದ' ಎನ್ನುತ್ತಿದ್ದರು. ಈಗ ಕೇಳಿದಾಕೆ ಸೀತಾಬಾಯಿ.

ರಾಯರಿಗೆ ಹೊಳೆದದ್ದು ಒಂದೇ ಉಪಾಯ. ಗುರುವಾರ ದೊಡ್ಡ ಪಂಕ್ತಿ ಆಗಬೇಕು. ಇಂಗು ಉಣ್ಣುವವರೆಲ್ಲ ಬಂದು ತಮ್ಮ ಜೊತೆ ಕೂಡಬೇಕು. ತಾವು ತಿಳಿಯದೆ ಬರೆದೆವು, ದೊರೆಗಳು ಮನ್ನಿಸಬೇಕು ಎಂದು ಅತ್ತುಬಿಟ್ಟರಾಯಿತು. ಓಣಿಯ ತಮ್ಮವರಿಗೆಲ್ಲ, ಸಿರುಗುಪ್ಪೆಗೆ, ಕುರುಗೋಡಿಗೆ ಕರೆ ಹೋಯಿತು. ಬ್ರೂಸ್‌ಪೇಟೆಯಲ್ಲಿ ಇದ್ದುದರಲ್ಲೇ ಖಡಕ್ಕಾದ ಇಂಗು ತಂದರು. ಅಜ್ಜಿಯ ಕಾಲದಿಂದ ಆ ವಾಸನೆ ಕಂಡಿಲ್ಲವೆಂದು ರಾಯರು ನಂಬಿದ್ದ ಒಲೆಯ ಮೇಲೆ ಗುರುವಾರ ಬೆಳಿಗ್ಗೆ ಅದು ಸಿಡಿದಾಗ ಘಾಟು ಕೋಟೆಯವರೆಗೂ ಹೋಯಿತೆಂದು ಹೇಳುತ್ತಾರೆ. ಇಂಗನ್ನು ಚಿಟಿಕೆಯಲ್ಲಿ ಹಾಕಬೇಕು. ರಾಯರು ಪ್ರಾಯಶ್ಚಿತ್ತದ ಲೆಕ್ಕದಲ್ಲಿ ಹಾಕಿಸಿದ್ದರು.

ಪಡಸಾಲೆಯ ಉದ್ದಕ್ಕೂ ಎಲೆ ಬಿದ್ದವು. ಕೂಡಲು ಯಾರೂ ಬರಲಿಲ್ಲ.

ಬರಲಿಲ್ಲ ಎಂದರೆ ತಪ್ಪು. ಎಲ್ಲರೂ ಬಂದಿದ್ದರು. ಕುರುಗೋಡಿನ ಆಚಾರ್ಯರು, ಸಿರುಗುಪ್ಪೆಯ ತಂಗಿಯ ಗಂಡ ಗೋಪಾಲಕೃಷ್ಣಾಚಾರ್ಯರು, ಓಣಿಯವರು, ಎಲ್ಲರೂ ಎದುರಿಗೆ ಎರ್ರಣ್ಣನ ಕಟ್ಟೆಯ ಮೇಲೆ ಸಾಲಾಗಿ ಕೂತು ಇತ್ತ ಮುಖ ಮಾಡಿದ್ದರು.

"ಬರ್ರಿ ಭಾವ, ಬರ್ರಿ! ಎಲಿ ಹಾಕೇದ!" ಎಂದು ರಾಯರು ಬಾಗಿಲಲ್ಲಿ ನಿಂತು ಕೂಗಿದರು.

"ಹೆಂಗ ಬರೂದ್ರಿ?" ಎಂದರು ಗೋಪಾಲಕೃಷ್ಣಾಚಾರ್ಯರು. "ನಿಮ್ಮ ತಂಗಿ ತುಂಬಿದ ಪಂಕ್ತಿಯೊಳಗ ಮಾತು ಕೊಟ್ಟಾಳ. ನಾ ಉಂಡು ಹೋದ್ರ ನನಗ ಮನಿಯಾಗ ಊಟ ಸಿಗೂದಿಲ್ಲ."

"ನಾನಂತೂ ನಿಮ್ಮ ಜಾತಿ ಕೆಡಿಸೋ ಮನುಷ್ಯ ಅಲ್ಲ," ಎಂದರು ಕುರುಗೋಡಿನವರು. ಹಾಗೆನ್ನುವಾಗಲೂ ಅವರ ಮೂಗು ಹುಳಿಯ ಕಡೆಗೇ ಇತ್ತು.

ಎರ್ರಣ್ಣ ಸಮಾಧಾನ ಮಾಡಿದ: "ನಾ ಬಂದು ಕುಂದರ್ಲೇನ್ರಿ ರಾಯರ? ನನಗ ಇಂಗಿನ ಹುಳಿ ಅಂದ್ರ ಪ್ರಾಣ." ಕಟ್ಟೆಯ ಮೇಲಿದ್ದ ಎಲ್ಲರೂ ಆ ಮಾತಿಗೆ ಒಟ್ಟಿಗೇ ಬೆಚ್ಚಿದರು. ಅಲ್ಲಿಯವರೆಗೆ ಎರಡಾಗಿದ್ದ ಜಾತಿ ಒಂದು ಕ್ಷಣ ಒಂದೇ ಆಯಿತು.

ಅಷ್ಟರಲ್ಲಿ ಮೊದಲಿಯಾರರು ಬಂದರು. ದಸ್ತಗಿರಿಯೂ ಹಿಂದೆ ಬಂದು ಬೀದಿಯಲ್ಲಿ ನಿಂತ. ಅವನ ಮಗನ ಹಣೆಬರಹವೂ ಅಲ್ಲಿಯೇ ಇತ್ತು. ಮೊದಲಿಯಾರರಿಗೆ ಜಗಲಿಯ ಮೇಲೆ ಕುರ್ಚಿ ಹಾಕಿದರು. ಪಂಕ್ತಿ ಎಣಿಸುವ ಅಧಿಕಾರ ಅವರಿಗಿತ್ತು, ಪಂಕ್ತಿಯ ಹತ್ತಿರ ಹೋಗುವ ಅಧಿಕಾರ ಇರಲಿಲ್ಲ. ಅವರು ಕುತ್ತಿಗೆ ಉದ್ದ ಮಾಡಿ ಒಳಗೆ ನೋಡಿದರು.

"ಎಲೆಗಳು ಬಹಳ ಇವೆ. ಕುಳಿತವರು ಯಾರು?"

ರಾಯರು ಓಡಿ ಹೋಗಿ ಒಂದು ಎಲೆಯ ಮುಂದೆ ಕೂತರು. "ನಾನು!"

"ಮತ್ತೆ?"

ಪ್ರಾಣೇಶ ಬಾಗಿಲಲ್ಲಿ ನಿಂತಿದ್ದ. ಅಪ್ಪನ ಪಕ್ಕ ಕೂತರೆ ಅರ್ಧ ಫೀಜು. ಕೂಡದಿದ್ದರೆ ಅಪ್ಪನ ಮಾತು ಸುಳ್ಳಾಗಿ ಬೆಲ್ಲದ ಮಂಡಿ. ಹುಡುಗ ಗಣಿತದಲ್ಲಿ ಜಿಲ್ಲೆಗೇ ಮೊದಲನೆಯವನು. ಈ ಲೆಕ್ಕ ಬಿಡಿಸಲು ಅವನಿಗೂ ಬರಲಿಲ್ಲ.

ಅಡಿಗೆಮನೆಯ ಬಾಗಿಲ ಹಿಂದಿನಿಂದ ಸೀತಾಬಾಯಿ ಮಾತಾಡಿದರು. ಪರಪುರುಷರ ಮುಂದೆ ಆಕೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೊಂದೇ ಸಲ.

"ಪ್ರಾಣೇಶಾ, ಅಲ್ಲಿ ಕೂಡಬ್ಯಾಡ. ಅದು ನಿನ್ನ ಜಾತಿಯವರ ಪಂಕ್ತಿ ಅಲ್ಲ."

ರಾಯರು ಕತ್ತೆತ್ತಿದರು. "ಏನ್ ಮಾತಾಡ್ತಿ?"

"ನಾನು ಕುರುಗೋಡಿನ ಹೆಣ್ಣುಮಗಳು. ಇಂಗಿಲ್ಲದ ತೊವ್ವಿ ನನಗ ಗಂಟಲದಾಗ ಇಳಿಯೂದಿಲ್ಲ. ಈ ಮನಿಗೆ ಬಂದಾಗಿನಿಂದ ಇವರ ಊಟ ಆದ ಮ್ಯಾಲೆ ನನ್ನ ಪಾಲಿಗೆ ಇಂಗಿನ ಒಗ್ಗರಣಿ ಹಾಕ್ಕೊಂಡೀನಿ. ಹುಡುಗ ಹುಟ್ಟಿ ಅನ್ನ ಉಣ್ಣಲಿಕ್ಕೆ ಸುರು ಮಾಡಿದಾಗಿನಿಂದ ಅವನೂ ನನ್ನ ಜೋಡಿನ ಉಂಡಾನ. ನಮ್ಮಣ್ಣ ಎದುರಿಗೇ ಇದ್ದಾನ, ಇಂಗಿನ ಡಬ್ಬಿ ಅವನ ತಂದುಕೊಡೂದು. ಕೇಳ್ರಿ."

ಎದುರು ಕಟ್ಟೆಯಿಂದ ರಾಘವೇಂದ್ರಾಚಾರ್ಯರು ಕೈ ಎತ್ತಿದರು. "ಖರೆ ಅದ. ದೀಪಾವಳಿಗೊಂದು, ಯುಗಾದಿಗೊಂದು ಡಬ್ಬಿ."

ರಾಯರು ಬಾಯಿ ತೆರೆದರು. ತಾವು ಕೂತು ಉಂಡೆದ್ದ ಆ ಅಡಿಗೆಮನೆಯಲ್ಲಿ, ತಾವು ಎಲೆಯಡಿಕೆ ಹಾಕಿಕೊಳ್ಳುತ್ತ ಆ ಪರಿಮಳ ಎದುರು ಮನೆಯದೆಂದುಕೊಳ್ಳುವ ಹೊತ್ತಿನಲ್ಲಿ, ದಿನಾ ಇಷ್ಟು ಚೆಂದದ ಊಟ ನಡೆಯುತ್ತಿತ್ತು! ಮೋಸದ ದುಃಖಕ್ಕಿಂತ ಆ ತೊವ್ವೆಯ ದುಃಖ ಅವರಿಗೆ ದೊಡ್ಡದಾಯಿತು.

ಮೊದಲಿಯಾರರು ರಾಯರ ಅರ್ಜಿಯ ಮೂರನೆಯ ಪುಟ ತೆಗೆದು ಗಟ್ಟಿಯಾಗಿ ಓದಿದರು: "'ಇಂಗು ಉಂಡ ಬಾಯಿ ನಮ್ಮ ಜಾತಿಗೆ ಹೊರಗು.' ಇದು ತಮ್ಮದೇ ಬರಹ?"

"ಹೌದ್ರಿ," ಎಂದರು ರಾಯರು. ಅಷ್ಟು ಒಳ್ಳೆಯ ವಾಕ್ಯವನ್ನು ತಮ್ಮದಲ್ಲ ಎನ್ನಲು ಅವರಿಗೆ ಮನಸ್ಸು ಬರಲಿಲ್ಲ.

"ಹಾಗಾದರೆ ಹುಡುಗನು ಹಿಂಗುವರ್ಜಿತನಲ್ಲ. ಹುಟ್ಟಿನಿಂದಲೇ ಅಲ್ಲ. ಅವನ ಹೆಸರಿನಲ್ಲಿ ಈ ಅರ್ಜಿ ಸಲ್ಲುವುದೇ ಇಲ್ಲ. ಸಲ್ಲದ ಅರ್ಜಿಯು ಅವನನ್ನು ತಡೆಯುವುದೂ ಇಲ್ಲ. ಮೊದಲ ಸ್ಥಾನದ ವೇತನ ಪೂರ್ಣವಾಗಿ ಅವನಿಗೆ. ಅರ್ಧ ಫೀಜು ದಸ್ತಗಿರಿಯ ಮಗನಿಗೆ."

ಬೀದಿಯಲ್ಲಿ ದಸ್ತಗಿರಿ ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡ. ಸೀತಾಬಾಯಿಯ ಬಳೆಯ ಸದ್ದು ಮಾತ್ರ ಬಾಗಿಲ ಹಿಂದಿನಿಂದ ಕೇಳಿಸಿತು.

"ಹಂಗಾರ ನಾವು ಸುಳ್ಳು ಹೇಳಿಲ್ಲ?" ಎಂದು ರಾಯರು ಹೆದರುತ್ತ ಕೇಳಿದರು.

"ಇಲ್ಲವೇ ಇಲ್ಲ. ನಿಮ್ಮ ಜಾತಿ ಇದೆ. ನಾನೇ ಕಣ್ಣಾರೆ ನೋಡಿದೆ." ಮೊದಲಿಯಾರರು ಲೇಖನಿ ಅದ್ದಿ ಬರೆದುಕೊಂಡರು. "ಹಿಂಗುವರ್ಜಿತ ವೈಷ್ಣವರು, ಬಳ್ಳಾರಿ ಜಿಲ್ಲೆ. ಒಟ್ಟು ಜನಸಂಖ್ಯೆ ಒಂದು. ಮುಂದೆ ಎಂದಾದರೂ ತಾವೇ ಕಾಲೇಜು ಸೇರುವ ಮನಸ್ಸು ಮಾಡಿದರೆ ಅರ್ಧ ಫೀಜು ಕೊಡಿಸುತ್ತೇನೆ. ತಮ್ಮಷ್ಟು ಅಲ್ಪಸಂಖ್ಯಾತರು ನನಗೆ ಸಿಗಲಾರರು."

ಆಷಾಢದಲ್ಲಿ ಪ್ರಾಣೇಶನೂ ದಸ್ತಗಿರಿಯ ಮಗನೂ ಒಂದೇ ದಿನ ಕಾಲೇಜು ಸೇರಿದರು. ಎರ್ರಣ್ಣ ತನ್ನ ಮಂಡಿಗೆ ಬೇರೆ ಹುಡುಗನನ್ನು ಹುಡುಕಿಕೊಂಡ.

ಅಧಿಕಾರಿಗಳ ಕಾಗದದಲ್ಲಿ ಬಂದದ್ದನ್ನು ನಮ್ಮ ಮಂದಿ ದೇವರ ಮಾತಿಗಿಂತ ಹೆಚ್ಚು ನಂಬುತ್ತಾರೆ. ಮರುವರ್ಷ ಸಿರುಗುಪ್ಪೆಯಲ್ಲಿ ಮೊಮ್ಮಗನ ನಾಮಕರಣವೆಂದು ವಿಜಯಾಬಾಯಿ ಅಣ್ಣನಿಗೆ ತಾನೇ ಕರೆ ಕಳಿಸಿದರು. ಸಿಟ್ಟು ಇಳಿಯಿತೆಂದು ರಾಯರು ಹಿಂದಿನ ರಾತ್ರಿಯ ಊಟ ಬಿಟ್ಟು ಹೋದರು. ಪಂಕ್ತಿ ಕೂತಿತ್ತು. ಸೀತಾಬಾಯಿ ಒಳಗೆ ಹೆಂಗಸರ ನಡುವೆ ಇದ್ದರು, ಪ್ರಾಣೇಶ ಬೀಗರ ಸಾಲಿನಲ್ಲಿದ್ದ. ರಾಯರಿಗೆ ಮಾತ್ರ ಕಂಬದ ಆಚೆ, ಮೂಲೆಯಲ್ಲಿ, ಒಂದೇ ಒಂದು ಎಲೆ. ಬೆಳ್ಳಿಯ ಲೋಟವೂ ಇತ್ತು.

ಕೋಸಂಬರಿ ಬಂತು, ಅವರ ಎಲೆ ದಾಟಿ ಹೋಯಿತು. ಪಲ್ಯ ಬಂತು, ಹೋಯಿತು. ತೊವ್ವೆ, ಸಾರು, ಹುಳಿ ಒಂದರ ಹಿಂದೆ ಒಂದು ಮೂಗಿನ ಮುಂದೆಯೇ ಸಾಗಿದವು. ಒಂದೊಂದು ಬಂದಾಗಲೂ ವಿಜಯಾಬಾಯಿ ಬಡಿಸುವವರನ್ನು ತಡೆಯುತ್ತಿದ್ದರು: "ಅಲ್ಲಿ ಬ್ಯಾಡ, ಅದಕ್ಕ ಇಂಗು ಬಿದ್ದದ."

ಕಡೆಗೆ ಹೋಳಿಗೆ ಬಂತು. ರಾಯರು ಎರಡೂ ಕೈ ಚಾಚಿದರು. "ವಿಜೀ, ಹೋಳಿಗಿಗೆ ಇಂಗು ಹಾಕೂದಿಲ್ಲವಾ!"

"ಹಾಕೂದಿಲ್ಲ ಅಣ್ಣಾ. ಆದ್ರ ಈಗಿನ್ನ ಇದ ಕೈಲೆ ಹುಳಿ ಬಡಿಸೀನಿ. ಇಂಗು ಮುಟ್ಟಿದ ಕೈ. ನಿನ್ನ ಜಾತಿ ಕೆಡಿಸಿದ ಪಾಪ ನನಗ್ಯಾಕ?"

ಹೋಳಿಗೆಯ ತಟ್ಟೆ ಕಂಬದ ಈಚೆ ತಿರುಗಿತು. ಎಲೆಯಲ್ಲಿ ಅನ್ನವಿತ್ತು, ತುದಿಯಲ್ಲಿ ಉಪ್ಪಿತ್ತು. ಆ ದಿನ ಸಿರುಗುಪ್ಪೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡರು. ಒಂದು ಜಾತಿಗೆ ಜಾತಿಯೇ ಹಸಿದು ಎದ್ದಿತು.